ಕುರುಚಲು ಕಾಡಿನ ಲೆಕ್ಕ

ಸಿಕಂದರಾಬಾದಿನ ಸರ್ದಾರ್ ಪಟೇಲ್ ರಸ್ತೆಯನ್ನು ಈ ಅವಳಿ ನಗರದಲ್ಲಿ ನೆಲೆಸಿದ ಕನ್ನಡಿಗರೆಲ್ಲರೂ ಒಂದಲ್ಲ ಒಂದು ಕೆಲಸಕ್ಕಾಗಿ ಹಾದುಹೋಗಿರುತ್ತೇವೆ. ವಾಹನಗಳ ಸದ್ದು, ಕಟ್ಟಡಗಳ ಸಾಲು. ಕಾಡಿನ ನೆನಪು ತರುವಂಥದ್ದು ಅಲ್ಲಿ ಏನೂ ಇಲ್ಲ. ಆದರೂ ಸ್ವತಂತ್ರ ಭಾರತದ ಕಾಡಿನ ಚರಿತ್ರೆಯಲ್ಲಿ ಈ ರಸ್ತೆಗೆ ಒಂದು ಸ್ಥಾನವಿದೆ. 1974ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ದೂರಸಂವೇದಿ ಸಂಸ್ಥೆಯ ವಿಳಾಸ ಬಹುಕಾಲ ಇದೇ ರಸ್ತೆಯದಾಗಿತ್ತು. ಮುಂದೆ ಸಂಸ್ಥೆ ಬಾಲಾನಗರಕ್ಕೆ ಹೋಯಿತು, ಬಾಹ್ಯಾಕಾಶ ಇಲಾಖೆಯ ಆಡಳಿತಕ್ಕೆ ಒಳಪಟ್ಟಿತು, 2008ರಲ್ಲಿ ಇಸ್ರೋದ ಒಂದು ಕೇಂದ್ರವಾಗಿ ಹೊಸ ಹೆಸರು ಪಡೆಯಿತು. ನಗರದ ದಕ್ಷಿಣಕ್ಕಿರುವ ಶಾದ್‌ನಗರದಲ್ಲಿ 1979ರಿಂದ ಅದರ ಭೂಕೇಂದ್ರ ಉಪಗ್ರಹಗಳ ಚಿತ್ರಗಳನ್ನು ನೇರವಾಗಿ ಬರಮಾಡಿಕೊಳ್ಳತೊಡಗಿತು. ಇಡೀ ದೇಶದ ಕಾಡು ಎಷ್ಟು ಎಂಬ ಪ್ರಶ್ನೆಗೆ ಆಕಾಶದಿಂದ ನೋಡಿ ಮೊದಲ ಉತ್ತರ ಕೊಟ್ಟದ್ದು ಈ ಸಂಸ್ಥೆಯೇ.

ಆ ಉತ್ತರ 1983ರಲ್ಲಿ ಪ್ರಕಟವಾಯಿತು. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳು ತೆಗೆದ ಚಿತ್ರಗಳನ್ನು ಮುಂದಿಟ್ಟುಕೊಂಡು ಸಂಸ್ಥೆಯ ತಜ್ಞರು ಎರಡು ಅವಧಿಗಳ ನಕ್ಷೆಗಳನ್ನು ಸಿದ್ಧಪಡಿಸಿದ್ದರು. 1972-75ರ ಅವಧಿಯಲ್ಲಿ ದೇಶದಲ್ಲಿ 555.2 ಲಕ್ಷ ಹೆಕ್ಟೇರ್ ಕಾಡಿತ್ತು, ಅಂದರೆ ಭೂಪ್ರದೇಶದ ಶೇಕಡಾ 16.89; 1980-82ರ ಹೊತ್ತಿಗೆ ಅದು 463.5 ಲಕ್ಷ ಹೆಕ್ಟೇರಿಗೆ, ಶೇಕಡಾ 14.10ಕ್ಕೆ ಇಳಿದಿತ್ತು. ಅದುವರೆಗೆ ಸರಕಾರಿ ಕಡತಗಳು ಹೇಳುತ್ತಿದ್ದ ಕಾಡಿನ ಪ್ರಮಾಣ ಶೇಕಡಾ 23ರ ಸಮೀಪದ್ದು. ಕಡತದ ಕಾಡು ಎಂದರೆ ಇಲಾಖೆಯ ಒಡೆತನದ ಭೂಮಿ. ಅದರ ಮೇಲೆ ಮರವಿದೆಯೋ ಇಲ್ಲವೋ ಎಂಬುದು ಬೇರೆ ಮಾತು. ಹೊಸ ಸಂಖ್ಯೆ ಆ ಅಂತರವನ್ನು ಬಯಲಿಗೆಳೆಯಿತು. ವರ್ಷಕ್ಕೆ 13 ಲಕ್ಷ ಹೆಕ್ಟೇರ್ ಕಾಡು ನಾಶವಾಗುತ್ತಿದೆ ಎಂಬ ವಾಕ್ಯ ಪತ್ರಿಕೆಗಳಲ್ಲಿಯೂ ಭಾಷಣಗಳಲ್ಲಿಯೂ ಹರಿದಾಡಿತು. 1985ರ ಜನವರಿಯಲ್ಲಿ ಪ್ರಧಾನಿ ರಾಜೀವ್ ಗಾಂಧಿಯವರು ಪ್ರತಿ ವರ್ಷ 50 ಲಕ್ಷ ಹೆಕ್ಟೇರಿನಲ್ಲಿ ಮರ ಬೆಳೆಸುವ ಗುರಿಯನ್ನು ಸಾರಿದರು. ಅದೇ ವರ್ಷ ರಾಷ್ಟ್ರೀಯ ಬಂಜರುಭೂಮಿ ಅಭಿವೃದ್ಧಿ ಮಂಡಳಿ ಹುಟ್ಟಿಕೊಂಡಿತು. ಆ ದಿನಗಳ ಆತಂಕವನ್ನು ಪೋಷಿಸಿದ ಸಂಗತಿಗಳಲ್ಲಿ ನಮ್ಮ ನಗರದಿಂದ ಹೊರಟ ಈ ಸಂಖ್ಯೆಗಳೂ ಇದ್ದವು.

ಇತ್ತ ಡೆಹರಾಡೂನಿನಲ್ಲಿ ಇನ್ನೊಂದು ಸಂಸ್ಥೆಯಿತ್ತು. 1965ರಿಂದ ಅರಣ್ಯಗಳಲ್ಲಿ ಮರಗಳ ಲೆಕ್ಕ ಹಾಕುತ್ತಿದ್ದ ಒಂದು ಯೋಜನೆಯೇ 1981ರ ಜೂನ್ 1ರಂದು ಭಾರತೀಯ ಅರಣ್ಯ ಸಮೀಕ್ಷೆಯಾಗಿ ರೂಪಾಂತರಗೊಂಡಿತ್ತು. ಕಾಡಿನೊಳಗೆ ನಡೆದು, ಕಾಂಡಕ್ಕೆ ಟೇಪು ಸುತ್ತಿ ಅಳೆಯುವ ಪರಿಪಾಠದಲ್ಲಿ ಬೆಳೆದ ಸಂಸ್ಥೆ ಅದು. ಅದೇ ಲ್ಯಾಂಡ್‌ಸ್ಯಾಟ್ ಮಾಲೆಯ 1981-83ರ ಚಿತ್ರಗಳನ್ನು ಓದಿ 1987ರಲ್ಲಿ ಅದು ತನ್ನ ಮೊದಲ ವರದಿಯನ್ನು ಪ್ರಕಟಿಸಿತು. ಅದರ ಪ್ರಕಾರ ದೇಶದ ಕಾಡು 642 ಲಕ್ಷ ಹೆಕ್ಟೇರ್, ಶೇಕಡಾ 19.52. ಹೆಚ್ಚುಕಡಮೆ ಅವೇ ವರ್ಷಗಳು, ಅದೇ ಬಗೆಯ ಚಿತ್ರಗಳು. ಎರಡು ಉತ್ತರಗಳ ನಡುವೆ 178 ಲಕ್ಷ ಹೆಕ್ಟೇರಿನ ವ್ಯತ್ಯಾಸ. ಕರ್ನಾಟಕ ರಾಜ್ಯದ ಒಟ್ಟು ವಿಸ್ತೀರ್ಣ ಸುಮಾರು 192 ಲಕ್ಷ ಹೆಕ್ಟೇರ್ ಎಂಬುದನ್ನು ನೆನೆದರೆ ಈ ವ್ಯತ್ಯಾಸದ ಗಾತ್ರ ಮನಸ್ಸಿಗೆ ನಾಟೀತು. ಒಂದು ರಾಜ್ಯದಷ್ಟು ಕಾಡು ಇದೆಯೆಂದು ಒಬ್ಬರು, ಇಲ್ಲವೆಂದು ಇನ್ನೊಬ್ಬರು ಹೇಳಿದಂತಾಗಿತ್ತು.

ಎರಡೂ ಸಂಸ್ಥೆಗಳು ಲೆಕ್ಕಗಳನ್ನು ಎದುರುಬದುರಾಗಿಟ್ಟು ತಾಳೆ ನೋಡಿದವು. ಕೊನೆಗೆ ದೊಡ್ಡ ಸಂಖ್ಯೆಯೇ ಉಳಿಯಿತು. ಈ ಪ್ರಸಂಗವನ್ನು ಒಂದು ಸಂಸ್ಥೆ ಸರಿ, ಇನ್ನೊಂದು ತಪ್ಪು ಎಂದು ಹೇಳಿ ಮುಗಿಸುವುದುಂಟು. ಆದರೆ ಎರಡೂ ವರದಿಗಳ ಒಳವಿವರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನಮಗೆ ಕಂಡದ್ದು ಬೇರೆಯೇ. ದಟ್ಟವಾದ, ಮುಚ್ಚಿದ ಕಾಡನ್ನು ಸಿಕಂದರಾಬಾದಿನವರು 360.2 ಲಕ್ಷ ಹೆಕ್ಟೇರ್ ಎಂದಿದ್ದರು; ಡೆಹರಾಡೂನಿನವರು 361.4 ಲಕ್ಷ ಎಂದರು. ಅಂತರ ಲೆಕ್ಕಕ್ಕೆ ಬಾರದಷ್ಟು. ತೆರೆದ ಕಾಡಿನ ವಿಷಯಕ್ಕೆ ಬಂದರೆ ಮೊದಲನೆಯವರದು 100.6 ಲಕ್ಷ, ಎರಡನೆಯವರದು 276.6 ಲಕ್ಷ. ಎರಡು ಸಂಸ್ಥೆಗಳೂ ವರ್ಗಗಳ ನಡುವೆ ಎಳೆದ ಗೆರೆಗಳು ಒಂದೇ ಆಗಿರಬೇಕೆಂದೇನಿಲ್ಲ. ಹಾಗಿದ್ದರೂ ವ್ಯತ್ಯಾಸ ಬಹುಪಾಲು ಎಲ್ಲಿ ಸೇರಿಕೊಂಡಿದೆ ಎಂಬುದು ಸ್ಪಷ್ಟ. ದಟ್ಟ ಕಾಡಿನ ಬಗ್ಗೆ ಜಗಳವೇ ಇರಲಿಲ್ಲ. ಜಗಳವಿದ್ದದ್ದು ಕುರುಚಲು ಕಾಡಿನ ಬಗ್ಗೆ.

ಇದಕ್ಕೆ ಕಾರಣ ಚಿತ್ರದ ಸ್ವಭಾವದಲ್ಲಿಯೇ ಇದೆ. ಅಂದಿನ ಲ್ಯಾಂಡ್‌ಸ್ಯಾಟ್ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ ಸುಮಾರು 80 ಮೀಟರ್ ಅಗಲದ್ದು. ಆ ಚೌಕದೊಳಗಿನ ಮರ, ಹುಲ್ಲು, ಬಂಡೆ, ಬರಿಮಣ್ಣು ಎಲ್ಲವೂ ಕಲಸಿ ಒಂದೇ ಬಣ್ಣವಾಗುತ್ತವೆ. ಎಲೆಗಳು ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಬಲವಾಗಿ ಪ್ರತಿಫಲಿಸುವುದರಿಂದ ತಜ್ಞರ ಚಿತ್ರಗಳಲ್ಲಿ ಕಾಡು ಕೆಂಪಾಗಿ ಕಾಣುವಂತೆ ಬಣ್ಣ ಕೂಡಿಸುತ್ತಾರೆ. ದಟ್ಟ ಕಾಡು ಗಾಢವಾದ ಕೆಂಪು. ಅದನ್ನು ಯಾರು ನೋಡಿದರೂ ಗುರುತಿಸುತ್ತಾರೆ. ಮರಗಳ ನಡುವೆ ನೆಲ ಇಣುಕುವ ಕಡೆ ಕೆಂಪು ಮಾಸುತ್ತದೆ, ಕಂದಾಗುತ್ತದೆ, ಹೊಲದ ಬಣ್ಣದೊಂದಿಗೆ ಬೆರೆಯುತ್ತದೆ. ಮೇಲಾಗಿ ದಖ್ಖನ್ನಿನ ಒಣ ಕಾಡು ಎಲೆ ಉದುರಿಸುವ ಕಾಡು. ಕಾರ್ತಿಕದಲ್ಲಿ ತೆಗೆದ ಚಿತ್ರದಲ್ಲಿ ಕಾಡಾಗಿರುವ ಗುಡ್ಡ ಶಿವರಾತ್ರಿ ಕಳೆದ ಮೇಲಿನ ಚಿತ್ರದಲ್ಲಿ ಬೋಳು ಗುಡ್ಡ. ನಕ್ಷೆಯ ಪ್ರಮಾಣವೂ ಚಿಕ್ಕದು: ಹತ್ತು ಲಕ್ಷಕ್ಕೆ ಒಂದು. ಅದರಲ್ಲಿ ಎರಡು ಮಿಲಿಮೀಟರ್ ಚೌಕ ಎಂದರೆ ನೆಲದ ಮೇಲೆ 400 ಹೆಕ್ಟೇರ್. ಅದಕ್ಕಿಂತ ಚಿಕ್ಕ ತುಂಡನ್ನು ಬಿಡಿಸಿ ತೋರಿಸುವುದು ಕಷ್ಟ. ನಮ್ಮ ಎಷ್ಟೋ ದೇವರಕಾಡುಗಳು ಹಲವೇ ಹೆಕ್ಟೇರುಗಳವು. ಆ ನಕ್ಷೆಯಲ್ಲಿ ಅವುಗಳಿಗೆ ಜಾಗವೇ ಇರಲಿಲ್ಲ.

ಕುರುಚಲು ಕಾಡು ಎಂದ ಕೂಡಲೇ ಅದು ಯಾರದೋ ದೂರದ ನೆಲದ ವಿಷಯವಲ್ಲ. ಹೈದರಾಬಾದಿನಿಂದ ಬೀದರಿಗೋ ಕಲಬುರಗಿಗೋ ಹೊರಟವರಿಗೆ ದಾರಿಯುದ್ದಕ್ಕೂ ಸಿಗುವುದು ಅದೇ. ಚಿಂಚೋಳಿಯ ಗುಡ್ಡಗಳ ತೇಗ, ದಿಂಡಿಗ, ಮುತ್ತುಗ. ರಾಯಚೂರು, ಕೊಪ್ಪಳಗಳ ಬಂಡೆಗಳ ಸಂದಿನ ಜಾಲಿ, ಕಮರ, ಬಂದರಿಕೆ. ಸೌದೆ, ಮೇವು, ಮುತ್ತುಗದ ಎಲೆ, ಸೀತಾಫಲ ಎಂದು ಊರಿನ ಬಡವರು ನಿತ್ಯ ಹೋಗುವುದು ಈ ಕಾಡಿಗೆ, ಮಲೆನಾಡಿನ ಹೆಬ್ಬಾಗಿಲಿಗಲ್ಲ. ಹೀಗಿರುವಾಗ ತೆಳ್ಳಗಿನ ಕಾಡನ್ನು ನಕ್ಷೆ ಕಾಡೆಂದು ಕರೆಯುತ್ತದೆಯೋ ಬಂಜರೆಂದು ಕರೆಯುತ್ತದೆಯೋ ಎಂಬುದು ಪದದ ವಿವಾದವಲ್ಲ. ಬಂಜರು ಎಂದು ಬರೆದರೆ ಅಲ್ಲಿ ನೀಲಗಿರಿ ನೆಡಬಹುದು, ಗಣಿಗೆ ಕೊಡಬಹುದು, ಕಾರ್ಖಾನೆ ಕಟ್ಟಬಹುದು. ಕಾಡು ಎಂದು ಬರೆದರೆ 1980ರ ಅರಣ್ಯ ಸಂರಕ್ಷಣಾ ಕಾಯಿದೆಯ ಅಡ್ಡಿಯನ್ನು ದಾಟಬೇಕೆಂಬ ವಾದಕ್ಕೆ ಆಧಾರ ಸಿಗುತ್ತದೆ. ಹಾಗಾಗಿ ಈ ಬಣ್ಣದ ಚುಕ್ಕೆ ಸರಿಯಾಗಿದೆಯೇ ಎಂದು ಹೋಗಿ ನೋಡುವವರ ಕೆಲಸಕ್ಕೆ ಬೆಲೆಯಿದೆ.

ದೂರದಿಂದ ಮಾಡಿದ ಲೆಕ್ಕವನ್ನು ನೆಲದ ಮೇಲೆ ಒರೆಗೆ ಹಚ್ಚುವ ಪದ್ಧತಿ ಉಪಗ್ರಹಗಳ ಜೊತೆ ಬಂದದ್ದಲ್ಲ. ಅದಕ್ಕೆ ನಮ್ಮ ಕಡೆಯಲ್ಲಿಯೇ ಇನ್ನೂರು ವರ್ಷಗಳ ಚರಿತ್ರೆಯಿದೆ. 1802ರಲ್ಲಿ ಮದರಾಸಿನ ಬಳಿ ಮಹಾ ತ್ರಿಕೋನಮಿತಿ ಸರ್ವೆಯನ್ನು ಆರಂಭಿಸಿದ ವಿಲಿಯಂ ಲ್ಯಾಂಬ್ಟನ್, ತ್ರಿಕೋನಗಳನ್ನು ಹೆಣೆಯುತ್ತ ಪಶ್ಚಿಮಕ್ಕೆ ಬಂದು, 1804ರಲ್ಲಿ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಸರಪಣಿ ಹಿಡಿದು ಅಳೆಸಿದನು. ಮದರಾಸಿನಿಂದ ಕೋನಗಳ ಗಣಿತ ಹೇಳಿದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ಬಂದ ವ್ಯತ್ಯಾಸ ಕೆಲವೇ ಅಂಗುಲಗಳು. ಗಣಿತದಲ್ಲಿ ನಂಬಿಕೆಯಿದ್ದುದರಿಂದಲೇ ಅವನು ಅದನ್ನು ಮತ್ತೆ ನೆಲಕ್ಕೆ ತಂದು ನಿಲ್ಲಿಸಿದನು. 1815ರಲ್ಲಿ ಬೀದರಿನ ಸೀಮೆಯಲ್ಲಿ ಇಂಥದೇ ಇನ್ನೊಂದು ರೇಖೆಯನ್ನು ಅಳೆದರು. 1841ರಲ್ಲಿ ಉತ್ತಮ ಉಪಕರಣಗಳೊಂದಿಗೆ ಅಲ್ಲಿ ಮತ್ತೆ ಅಳೆದರು. ತಪ್ಪು ಕಂಡೀತೆಂಬ ಅಂಜಿಕೆಯಿಂದ ಬಿಟ್ಟುಬಿಡಲಿಲ್ಲ. ಈ ನೆಲದ ಕೆಲಸಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. 1818ರ ಕೊನೆಗೆ ಹೈದರಾಬಾದಿನಲ್ಲಿ ಸರ್ವೆಯನ್ನು ಸೇರಿದ ಜಾರ್ಜ್ ಎವರೆಸ್ಟ್, ಮರುವರ್ಷ ಕೃಷ್ಣಾ ಗೋದಾವರಿಗಳ ನಡುವಿನ ಕಾಡಿನಲ್ಲಿ ಮಳೆಗಾಲದ ಜ್ವರಕ್ಕೆ ಸಿಕ್ಕಿ, ಚೇತರಿಸಿಕೊಳ್ಳಲು ಕೇಪ್ ಆಫ್ ಗುಡ್ ಹೋಪಿಗೆ ಹೋಗಬೇಕಾಯಿತು. ಮಲೇರಿಯಾದ ಪರೋಪಜೀವಿಯನ್ನು ಸೊಳ್ಳೆಯ ಹೊಟ್ಟೆಯಲ್ಲಿ ರೊನಾಲ್ಡ್ ರಾಸ್ ಗುರುತಿಸಿದ್ದು ಇದೇ ಸಿಕಂದರಾಬಾದಿನಲ್ಲಿ, 1897ರಲ್ಲಿ. ಅಲ್ಲಿಯವರೆಗೆ ಕಾಡನ್ನು ಅಳೆಯಲು ಹೋದವರಿಗೆ ತಮ್ಮನ್ನು ಕೆಡವುತ್ತಿದ್ದುದು ಯಾವುದೆಂದೇ ಗೊತ್ತಿರಲಿಲ್ಲ.

ಅರಣ್ಯ ನಕ್ಷೆಯ ಪರೀಕ್ಷೆಯ ಹಿಂದಿರುವುದೂ ಲ್ಯಾಂಬ್ಟನ್ನನ ವಿವೇಕವೇ. ನಕ್ಷೆ ಸಿದ್ಧವಾದ ಮೇಲೆ ಅದರ ಮೇಲೆ ಯಾದೃಚ್ಛಿಕವಾಗಿ ಬಿಂದುಗಳನ್ನು ಆರಿಸುತ್ತಾರೆ. ದಟ್ಟ ಕಾಡು, ತೆರೆದ ಕಾಡು, ಪೊದೆ, ಹೊಲ ಎಂಬ ಪ್ರತಿಯೊಂದು ವರ್ಗಕ್ಕೂ ಸಾಕಷ್ಟು ಬಿಂದುಗಳು ಬೀಳುವಂತೆ ನೋಡಿಕೊಳ್ಳುತ್ತಾರೆ. ಹಿಂದೆ ಸರ್ವೇ ಆಫ್ ಇಂಡಿಯಾದ ಹಾಳೆ, ದಿಕ್ಸೂಚಿಗಳ ನೆರವಿನಿಂದ ಆ ಜಾಗವನ್ನು ಹುಡುಕಬೇಕಿತ್ತು. ಈಗ ಜಿಪಿಎಸ್ ಕೆಲವು ಮೀಟರುಗಳಷ್ಟು ಹತ್ತಿರಕ್ಕೆ ಕರೆದೊಯ್ಯುತ್ತದೆ. ಅಲ್ಲಿ ನಿಂತು ತಲೆಯೆತ್ತಿ, ಆಕಾಶದ ಎಷ್ಟು ಭಾಗವನ್ನು ಕೊಂಬೆಗಳು ಮುಚ್ಚಿವೆ ಎಂದು ಅಂದಾಜು ಮಾಡಬೇಕು. ಮರಗಳ ಜಾತಿ ಬರೆದುಕೊಳ್ಳಬೇಕು. ಕಡಿದ ಬೊಡ್ಡೆಯೋ ಬೆಂಕಿಯ ಗುರುತೋ ಇದೆಯೇ ನೋಡಬೇಕು. ದಾರಿಯ ಪಕ್ಕದ ಬಿಂದುಗಳನ್ನಷ್ಟೇ ನೋಡಿ ಬಂದರೆ ಪರೀಕ್ಷೆ ಕೆಟ್ಟಂತೆಯೇ, ಏಕೆಂದರೆ ದಾರಿ ಇರುವ ಕಡೆಯ ಕಾಡು ದಾರಿ ಇಲ್ಲದ ಕಡೆಯ ಕಾಡಿನಂತೆ ಇರುವುದಿಲ್ಲ. ಚಿತ್ರ ತೆಗೆದ ದಿನಕ್ಕೂ ಹೋಗಿ ನೋಡಿದ ದಿನಕ್ಕೂ ನಡುವೆ ಒಂದು ಮಳೆಗಾಲವೋ ಒಂದು ಕಡಿತವೋ ಕಳೆದಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹೀಗೆ ತಂದ ಟಿಪ್ಪಣಿಗಳನ್ನು ನಕ್ಷೆಯ ಮಾತಿನೊಂದಿಗೆ ಹೋಲಿಸಿದಾಗ ಎರಡು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ನಕ್ಷೆ ತೆರೆದ ಕಾಡು ಎಂದು ತೋರಿಸಿದ 60 ಬಿಂದುಗಳಿಗೆ ಹೋಗಿ ನೋಡಿದರೆ 42ರಲ್ಲಿ ಮಾತ್ರ ನಿಜಕ್ಕೂ ತೆರೆದ ಕಾಡಿದೆ. ಉಳಿದವು ತೋಟ, ಪೊದೆ, ಹೊಲ. ಅಂದರೆ ನಕ್ಷೆ ಹಿಡಿದು ಹೊರಟವನಿಗೆ ಅದು ನೂರಕ್ಕೆ ಎಪ್ಪತ್ತು ಸಲ ನಿಜ ಹೇಳುತ್ತದೆ. ಇನ್ನು ಪರೀಕ್ಷಿಸಿದ ಎಲ್ಲ ಬಿಂದುಗಳಲ್ಲಿ ನೆಲದ ಮೇಲೆ ತೆರೆದ ಕಾಡು ಕಂಡದ್ದು 70 ಕಡೆ, ಅವುಗಳಲ್ಲಿ ನಕ್ಷೆ ಗುರುತಿಸಿದ್ದು ಅದೇ 42 ಎಂದಾದರೆ, ಇದ್ದ ಕಾಡಿನಲ್ಲಿ ನೂರಕ್ಕೆ ಅರವತ್ತು ಪಾಲನ್ನಷ್ಟೇ ನಕ್ಷೆ ಕಂಡಿದೆ. ಇಲ್ಲದ್ದನ್ನು ಇದೆ ಎನ್ನುವುದು ಒಂದು ತಪ್ಪು, ಇದ್ದದ್ದನ್ನು ಇಲ್ಲ ಎನ್ನುವುದು ಇನ್ನೊಂದು. ಒಟ್ಟು ಶೇಕಡಾವಾರು ನಿಖರತೆ ಎಂಬ ಒಂದೇ ಸಂಖ್ಯೆ ಇವೆರಡನ್ನೂ ಮುಚ್ಚಿಬಿಡಬಲ್ಲದು. ದಟ್ಟ ಕಾಡು ಮತ್ತು ಹೊಲಗಳನ್ನು ಸರಿಯಾಗಿ ಗುರುತಿಸಿದ ನಕ್ಷೆ ಕುರುಚಲು ಕಾಡಿನಲ್ಲಿ ಎಡವಿದರೂ ಒಟ್ಟಿನಲ್ಲಿ ಒಳ್ಳೆಯ ಅಂಕ ಪಡೆಯುತ್ತದೆ. 1980ರ ದಶಕದ ಎರಡು ಲೆಕ್ಕಗಳು ಬೇರೆಯಾದದ್ದೂ ಸರಿಯಾಗಿ ಈ ಎಡವುವ ಜಾಗದಲ್ಲಿಯೇ.

ಅದೇ ದಶಕದಲ್ಲಿ ಕರ್ನಾಟಕದಲ್ಲಿ ಇನ್ನೊಂದು ಬಗೆಯ ನಕ್ಷೆ ತಯಾರಾಗುತ್ತಿತ್ತು. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯ ಜೆ. ಪಿ. ಪಾಸ್ಕಲ್ ಅವರು ಕರ್ನಾಟಕ ಅರಣ್ಯ ಇಲಾಖೆಯ ಸಹಯೋಗದಲ್ಲಿ ಪಶ್ಚಿಮ ಘಟ್ಟಗಳ ಸಸ್ಯವರ್ಗದ ಹಾಳೆಗಳನ್ನು 1982ರಿಂದ ಪ್ರಕಟಿಸತೊಡಗಿದರು. ಮಡಿಕೇರಿ-ಮೈಸೂರು, ಶಿವಮೊಗ್ಗ, ಬೆಳಗಾವಿ-ಧಾರವಾಡಗಳ ಆ ಹಾಳೆಗಳು ಕಾಡನ್ನು ಕೇವಲ ದಟ್ಟ, ತೆಳು ಎಂದು ವಿಂಗಡಿಸಲಿಲ್ಲ; ಅಲ್ಲಿ ಯಾವ ಮರಗಳು ಮುಖ್ಯ, ಮಳೆ ಎಷ್ಟು, ಒಣ ತಿಂಗಳುಗಳು ಎಷ್ಟು ಎಂಬುದರ ಮೇಲೆ ಹೆಸರಿಟ್ಟವು. ಮರದ ಹೆಸರು ಮೇಲಿನಿಂದ ತಿಳಿಯುವುದಿಲ್ಲ. ಅದರ ಬುಡದಲ್ಲಿ ನಿಂತವರಿಗೇ ತಿಳಿಯಬೇಕು. ಇದೇ ದಾರಿಯ ದೊಡ್ಡ ಪ್ರಯತ್ನ 2015ರಲ್ಲಿ ಪ್ರಕಟವಾದ ಇಡೀ ಭಾರತದ ಸಸ್ಯವರ್ಗದ ನಕ್ಷೆ. ಪಿ. ಎಸ್. ರಾಯ್ ಅವರ ಮುಂದಾಳತ್ವದಲ್ಲಿ ಹೈದರಾಬಾದಿನ ದೂರಸಂವೇದಿ ಕೇಂದ್ರವೂ ಸೇರಿದಂತೆ ಅನೇಕ ಸಂಸ್ಥೆಗಳ ತಜ್ಞರು ಭಾರತದ್ದೇ ಉಪಗ್ರಹದ ಚಿತ್ರಗಳನ್ನು ಬಳಸಿ, ಐವತ್ತು ಸಾವಿರಕ್ಕೆ ಒಂದು ಪ್ರಮಾಣದಲ್ಲಿ ಅದನ್ನು ರಚಿಸಿದರು. ನೆಲದ ಮೇಲಿನ 15,565 ಬಿಂದುಗಳಲ್ಲಿ ಪರೀಕ್ಷಿಸಿ, ಶೇಕಡಾ 90ರಷ್ಟು ನಿಖರ ಎಂದು ಹೇಳಿಕೊಂಡರು. ಅಂದರೆ ಹತ್ತರಲ್ಲಿ ಒಂದು ತಪ್ಪಿರಬಹುದೆಂದು ತಾವೇ ಬರೆದುಕೊಟ್ಟರು. 1983ರಿಂದ 2015ರವರೆಗೆ ಈ ನಗರದಲ್ಲಿ ಕಲಿತ ಮುಖ್ಯ ಪಾಠ ಇದೆಂದು ನಮಗೆ ತೋರುತ್ತದೆ: ತನ್ನ ತಪ್ಪಿನ ಅಳತೆಯನ್ನು ತಾನೇ ಹೇಳುವ ನಕ್ಷೆ ಹೆಚ್ಚು ನಂಬಲರ್ಹ.

ಈ ಪಾಠವನ್ನು ಮರೆತರೆ ಏನಾಗುತ್ತದೆಂಬುದಕ್ಕೆ ಮುಂದಿನ ವರದಿಗಳಲ್ಲಿ ಉದಾಹರಣೆಗಳಿವೆ. 1999ರ ವರದಿಯಲ್ಲಿ ದೇಶದ ಕಾಡು 6,37,293 ಚದರ ಕಿಲೋಮೀಟರ್. 2001ರ ವರದಿಯಲ್ಲಿ 6,75,538. ಎರಡೇ ವರ್ಷಗಳಲ್ಲಿ ಮೂವತ್ತೆಂಟು ಸಾವಿರ ಚದರ ಕಿಲೋಮೀಟರ್ ಕಾಡು ಹುಟ್ಟಿಕೊಳ್ಳಲಿಲ್ಲ. ಇಡೀ ದೇಶದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಓದತೊಡಗಿದರು, ಒಂದು ಹೆಕ್ಟೇರಿನ ತುಂಡುಗಳೂ ನಕ್ಷೆಗೆ ಬಂದವು, ಅಷ್ಟೆ. ಅದಕ್ಕೂ ಮೊದಲು, 1987 ಮತ್ತು 1989ರ ವರದಿಗಳನ್ನು ಹೋಲಿಸಿ ವರ್ಷಕ್ಕೆ ನಾಶವಾಗುತ್ತಿರುವ ಕಾಡು 47,500 ಹೆಕ್ಟೇರ್ ಎಂದರು. ಕೆಲವೇ ವರ್ಷಗಳ ಹಿಂದೆ 13 ಲಕ್ಷ ಎಂದಿದ್ದ ನಾಲಿಗೆಗಳು ಇದನ್ನೂ ಅಷ್ಟೇ ಸುಲಭವಾಗಿ ಉಚ್ಚರಿಸಿದವು.

2021ರ ವರದಿಯನ್ನೇ ನೋಡೋಣ. ಕಾಡು ಮತ್ತು ಕಾಡಲ್ಲದ್ದರ ನಡುವಣ ವಿಂಗಡಣೆ ಶೇಕಡಾ 95.79ರಷ್ಟು ನಿಖರ, ಕಾಡಿನ ಸಾಂದ್ರತೆಯ ವರ್ಗಗಳ ಮಟ್ಟದಲ್ಲಿ ಶೇಕಡಾ 92.99 ಎಂದು ವರದಿ ಹೇಳುತ್ತದೆ. ಇದು ಒಳ್ಳೆಯ ಅಂಕ. ಅದೇ ವರದಿ ಕರ್ನಾಟಕದ ಕಾಡು 38,730 ಚದರ ಕಿಲೋಮೀಟರ್, ಹಿಂದಿನ ವರದಿಗಿಂತ 155 ಹೆಚ್ಚು ಎನ್ನುತ್ತದೆ. ತೆಲಂಗಾಣದ್ದು 21,214, ಅಂದರೆ 632 ಹೆಚ್ಚು. ಕರ್ನಾಟಕದ ಏರಿಕೆ ನೂರಕ್ಕೆ ಅರ್ಧವೂ ಅಲ್ಲ. ತೆಲಂಗಾಣದ್ದು ನೂರಕ್ಕೆ ಮೂರು. ತಪ್ಪುಗಳು ಎರಡೂ ಕಡೆಗೆ ಬಿದ್ದು ಪರಸ್ಪರ ಹೊಡೆದುಹೋಗಬಹುದು, ನಿಜ. ಆದರೂ ನೂರಕ್ಕೆ ನಾಲ್ಕು ತಪ್ಪು ಸಾಧ್ಯವೆಂದು ಒಪ್ಪಿಕೊಂಡ ನಕ್ಷೆಯಿಂದ ನೂರಕ್ಕೆ ಅರ್ಧದ ಬದಲಾವಣೆಯನ್ನು ಓದಿ ಸಂಭ್ರಮಿಸುವ ಮೊದಲು, ಬದಲಾವಣೆ ಕಂಡ ಜಾಗಗಳಿಗೇ ಹೋಗಿ ನೋಡಿದ್ದಾರೆಯೇ ಎಂದು ಕೇಳುವುದು ನ್ಯಾಯ.

ಹೋಗಿ ನೋಡುವುದಕ್ಕೂ ಒಂದು ಮಿತಿಯಿದೆ. ಒಂದು ಹೆಕ್ಟೇರಿಗಿಂತ ದೊಡ್ಡದಾದ, ಶೇಕಡಾ 10ಕ್ಕಿಂತ ಹೆಚ್ಚು ಮರದ ನೆರಳಿರುವ ಯಾವ ಭೂಮಿಯೂ, ಅದು ಯಾರದೇ ಆಗಿರಲಿ, ಮರ ಯಾವುದೇ ಆಗಿರಲಿ, ಇಂದಿನ ವರದಿಗಳ ಭಾಷೆಯಲ್ಲಿ ಅರಣ್ಯಾಚ್ಛಾದನೆ. ಕೊಡಗಿನ ನೆರಳಿನ ಕಾಫಿ ತೋಟಕ್ಕೆ ಹೋದ ಸಮೀಕ್ಷಕ ಮೇಲೆ ನೋಡಿ ಮರವಿದೆ ಎಂದೇ ಬರೆಯಬೇಕು. ನಕ್ಷೆಯೂ ಹಾಗೆಯೇ ಹೇಳುತ್ತದೆ. ಪರೀಕ್ಷೆಯಲ್ಲಿ ನಕ್ಷೆ ಗೆದ್ದಂತೆ. ರಾಯಚೂರಿನ ಹಳ್ಳದ ದಂಡೆಯಲ್ಲಿ ಹಬ್ಬಿದ ಬಳ್ಳಾರಿ ಜಾಲಿಯ ಮಾತೂ ಹೀಗೆಯೇ. ನಿಖರತೆ ಎಂದರೆ ನಕ್ಷೆ ತನ್ನ ವ್ಯಾಖ್ಯೆಗೆ ನಿಷ್ಠವಾಗಿದೆ ಎಂಬುದಷ್ಟೇ. ಆ ವ್ಯಾಖ್ಯೆ ಕಾಡಿಗೆ ನಿಷ್ಠವಾಗಿದೆಯೇ ಎಂಬುದು ಬೇರೆ ಪ್ರಶ್ನೆ. ನಮ್ಮ ಭಾಷೆಯಲ್ಲಿ ಕಾನು ಬೇರೆ, ಹಾಡಿ ಬೇರೆ, ಸೊಪ್ಪಿನ ಬೆಟ್ಟ ಬೇರೆ, ಕಾವಲು ಬೇರೆ. ಆ ಹೆಸರುಗಳ ಹಿಂದೆ ಯಾರು ಏನನ್ನು ಎಷ್ಟು ತೆಗೆದುಕೊಳ್ಳಬಹುದೆಂಬ ಕಟ್ಟಳೆಗಳಿದ್ದವು. ಬಿಂದುವಿನ ಬಳಿ ನಿಂತ ಸಮೀಕ್ಷಕ ಊರಿನವರನ್ನು ಆ ಜಾಗದ ಹೆಸರೇನೆಂದು ಕೇಳಿ ಬರೆದುಕೊಂಡರೆ ತಾನು ಅಳೆಯಬೇಕಾದದ್ದಕ್ಕಿಂತ ಹೆಚ್ಚಿನದನ್ನು ತಂದಂತೆ.

ನಾವು ಊರಿನಿಂದ ದೂರ ಇರುವವರು. ನಮ್ಮ ಕಾಡುಗಳನ್ನು ನಾವು ಕೂಡ ಬಹುಮಟ್ಟಿಗೆ ಚಿತ್ರಗಳಲ್ಲಿ, ಸಂಖ್ಯೆಗಳಲ್ಲಿ ನೋಡುತ್ತೇವೆ. ಹೆಚ್ಚಾಯಿತೆಂದರೆ ಹಿಗ್ಗುತ್ತೇವೆ, ಕಡಮೆಯಾಯಿತೆಂದರೆ ಮರುಗುತ್ತೇವೆ. ಮುಂದಿನ ವರದಿ ಬಂದಾಗ ಒಟ್ಟು ಸಂಖ್ಯೆಯನ್ನು ಓದಿ ನಿಲ್ಲದೆ, ತೆರೆದ ಕಾಡಿನ ಸಾಲನ್ನು ಹುಡುಕಿ ನೋಡೋಣ. ನಮ್ಮ ಜಿಲ್ಲೆಯಲ್ಲಿ ಎಷ್ಟು ಬಿಂದುಗಳಿಗೆ ಹೋಗಿ ನೋಡಿದರೆಂದು ಕೇಳೋಣ. ರಜೆಗೆ ಊರಿಗೆ ಹೋದಾಗ, ನಕ್ಷೆಯಲ್ಲಿ ಹಸುರು ಬಳಿದ ನಮ್ಮೂರ ಗುಡ್ಡದ ತನಕ ಒಮ್ಮೆ ನಡೆದುಹೋಗಿ ಬರುವುದೂ ಕಷ್ಟವಲ್ಲ.